ಉಪವಾಸ ಮುರಿಯದ ಕೈ ನಕಲು ಮಾಡಬಹುದೇ?



ಮನೆಯಲ್ಲಿ ಹತ್ತನೇ ತರಗತಿಯ ಮಗುವಿದ್ದರೆ ವರ್ಷದ ಕೊನೆಯ ತಿಂಗಳುಗಳು ಹೇಗಿರುತ್ತವೆಂದು ನಿಮಗೆ ಹೇಳಬೇಕಾಗಿಲ್ಲ. ಟಿ.ವಿ. ಬಂದ್ ಆಗುತ್ತದೆ. ನೆಂಟರ ಮದುವೆಗೆ ತಂದೆ ತಾಯಿಗಳಲ್ಲಿ ಒಬ್ಬರು ಮಾತ್ರ ಹೋಗಿ ಬರುತ್ತಾರೆ. ಪ್ರತಿ ನಮಾಝಿನ ನಂತರದ ದುಆದಲ್ಲಿ ಮಗುವಿನ ಹೆಸರು ತಪ್ಪದೆ ಇರುತ್ತದೆ.

2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯು ರಮಝಾನ್ ತಿಂಗಳೊಳಗೇ ನಡೆಯಿತು. 2025ರಲ್ಲಿ ರಮಝಾನಿನಲ್ಲಿ ಆರಂಭವಾಗಿ ಈದ್ ಕಳೆದ ಮೇಲೆ ಮುಗಿಯಿತು. ನಮ್ಮ ಎಷ್ಟೋ ಮಕ್ಕಳು ಸಹರಿಗೆ ಎದ್ದು, ಫಜ್ರ್ ನಮಾಝ್ ಮುಗಿಸಿ, ಬೇಸಿಗೆಯ ಬಿಸಿಲಿನಲ್ಲಿ ಒಣಗಿದ ಗಂಟಲಿನೊಂದಿಗೆ ಪರೀಕ್ಷೆ ಬರೆದರು. ಶಾಲೆಯ ನಲ್ಲಿಯ ಬಳಿ ಮುಖ ತೊಳೆಯುವಾಗ ಒಂದು ಗುಟುಕು ನೀರು ಕುಡಿದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ತಾಯಿಗೆ ತಿಳಿಯದು, ಉಸ್ತಾದರಿಗೂ ತಿಳಿಯದು. ಆದರೂ ಆ ಮಕ್ಕಳು ಕುಡಿಯಲಿಲ್ಲ. ಅಲ್ಲಾಹನು ನೋಡುತ್ತಿದ್ದಾನೆ ಎಂಬ ಒಂದೇ ಅರಿವು ಅವರ ಕೈಯನ್ನು ತಡೆಯಿತು.

ಈಗ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಲ್ಲಿಯ ಬಳಿ ತಡೆದ ಆ ಅರಿವು ಪರೀಕ್ಷಾ ಕೊಠಡಿಯೊಳಗೂ ತಡೆಯುತ್ತದೆಯೇ? ಹಿಂದಿನ ಬೆಂಚಿನಿಂದ ಚೀಟಿ ಬಂದಾಗ, ಪಕ್ಕದವನ ಉತ್ತರ ಪತ್ರಿಕೆ ಕಣ್ಣಿಗೆ ಬಿದ್ದಾಗ, ನೀರು ಮುಟ್ಟದ ಅದೇ ಕೈ ಹಿಂದೆ ಸರಿಯುತ್ತದೆಯೇ? ಸರಿಯದಿದ್ದರೆ ತಪ್ಪು ಮಗುವಿನದು ಮಾತ್ರವೇ? ಉಪವಾಸ ಧರ್ಮಕ್ಕೆ ಸೇರಿದ್ದು, ಪರೀಕ್ಷೆ ಲೋಕಕ್ಕೆ ಸೇರಿದ್ದು ಎಂದು ಬಾಯಲ್ಲಿ ಹೇಳದೆಯೇ ಅದಕ್ಕೆ ಕಲಿಸಿದವರು ಯಾರು?

2024ರಲ್ಲಿ ಸರಕಾರವು ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಅಳವಡಿಸಿ ವೆಬ್‌ಕಾಸ್ಟಿಂಗ್ ಮೂಲಕ ನಿಗಾ ಇಟ್ಟಿತು. 2023ರಲ್ಲಿ ಶೇ. 83.89 ಇದ್ದ ಫಲಿತಾಂಶವು ಆ ವರ್ಷದ ಮೊದಲ ಪರೀಕ್ಷೆಯಲ್ಲಿ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ, ಶೇ. 73.40ಕ್ಕೆ ಇಳಿಯಿತು. ಇದಕ್ಕೆ ಬೇರೆ ಕಾರಣಗಳೂ ಇರಬಹುದು. ಅನುತ್ತೀರ್ಣರಾದವರೆಲ್ಲ ನಕಲುಗಾರರೆಂದು ಹೇಳುವುದು ಅನ್ಯಾಯ. ಆದರೆ ಗೋಡೆಯ ಮೇಲಿನ ಕ್ಯಾಮರಾಕ್ಕೆ ಹೆದರುವಷ್ಟು ನಾವು ಅಲ್ಲಾಹನಿಗೆ ಹೆದರುತ್ತೇವೆಯೇ ಎಂಬ ಪ್ರಶ್ನೆಯನ್ನು ಆ ವರ್ಷ ನಮ್ಮ ಮುಂದಿಟ್ಟಿತು.

ಕ್ಯಾಮರಾ ಇಲ್ಲದ ಸ್ಥಳವೂ ಒಂದಿದೆ. ಅದು ನಮ್ಮ ಮನೆಯ ಊಟದ ಮೇಜು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದಂತಹ ವಿಷಯಗಳಲ್ಲಿ 100 ಅಂಕಗಳ ಪೈಕಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಈ 20ರೊಳಗೆ ಬರುವ ಪ್ರಾಜೆಕ್ಟ್, ನಿಯೋಜಿತ ಕೆಲಸಗಳನ್ನು ಎಷ್ಟು ಮನೆಗಳಲ್ಲಿ ಮಕ್ಕಳೇ ಮಾಡುತ್ತಾರೆ? ರಾತ್ರಿ ಹನ್ನೊಂದಕ್ಕೆ ಅಕ್ಕ ಚಿತ್ರ ಬಿಡಿಸುತ್ತಾಳೆ, ತಂದೆ ಮೊಬೈಲಿನಿಂದ ಪ್ರಬಂಧ ತೆಗೆದುಕೊಡುತ್ತಾರೆ, ಮಗು ಹೆಸರು ಬರೆದು ನಿದ್ರಿಸುತ್ತದೆ. ನಾವು ಇದನ್ನು ಸಹಾಯ ಎನ್ನುತ್ತೇವೆ. ಮಗುವಿಗೆ ಅರ್ಥವಾಗದ್ದನ್ನು ವಿವರಿಸುವುದು ಸಹಾಯ. ಮಗು ಮಾಡದ್ದನ್ನು ಅದರ ಹೆಸರಿನಲ್ಲಿ ಒಪ್ಪಿಸುವುದು ಸುಳ್ಳು ಸಾಕ್ಷ್ಯ.

ಮದೀನಾದ ಪೇಟೆಯಲ್ಲಿ ಪ್ರವಾದಿ(ಸ)ಯವರು ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದಾಗ ಒಳಗೆ ಒದ್ದೆಯಿತ್ತು. ಮಳೆಗೆ ನೆನೆದ ಧಾನ್ಯವನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ವಿಚಾರಿಸಿ, ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಅಂಕಪಟ್ಟಿಯೂ ಒಂದು ರಾಶಿಯೇ. ಅದರೊಳಗೆ ಕೈ ಹಾಕಿದವರಿಗೆ ಏನು ಸಿಗುತ್ತದೆ?

“ಎಲ್ಲರೂ ನಕಲು ಮಾಡುವಾಗ ನನ್ನ ಮಗನೊಬ್ಬನೇ ಪ್ರಾಮಾಣಿಕನಾದರೆ ಸೀಟು ಯಾರು ಕೊಡುತ್ತಾರೆ?” ಎಂದು ನೀವು ಕೇಳಬಹುದು. ಈ ನೋವು ಸುಳ್ಳಲ್ಲ. ಪ್ರಾಮಾಣಿಕ ಮಗುವಿಗೆ ಕೆಲವೊಮ್ಮೆ ನಷ್ಟವಾಗುತ್ತದೆ. ಆದರೆ ಇನ್ನೊಂದು ನಷ್ಟವನ್ನೂ ಲೆಕ್ಕ ಹಾಕಿರಿ. ಕದ್ದ ಅಂಕದಿಂದ ಪಡೆದ ಸೀಟು ಇನ್ನಾರದೋ ಮಗುವಿನದು. ಜನರ ಹಕ್ಕನ್ನು ಕಸಿದವನ ಪಶ್ಚಾತ್ತಾಪ ಪೂರ್ಣವಾಗಬೇಕಾದರೆ ಆ ಹಕ್ಕನ್ನು ಮರಳಿಸಬೇಕು. ಕಸಿದ ಹಣವನ್ನು ಮರಳಿಸಬಹುದು. ಹೆಸರೂ ಗೊತ್ತಿಲ್ಲದ ಆ ಮಗುವನ್ನು ಎಲ್ಲಿ ಹುಡುಕಿ ಸೀಟು ಮರಳಿಸುತ್ತೀರಿ?

ಹಾಗೆಂದು ದುಆ ಮಾಡಿ ಸುಮ್ಮನೆ ಕುಳಿತರೂ ಆಗದು. ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನ ಮೇಲೆ ಭಾರ ಹಾಕುವುದು ತವಕ್ಕುಲ್ ಅಲ್ಲ. ಫಜ್ರಿನ ನಂತರದ ಒಂದು ಗಂಟೆಯನ್ನು ಕಷ್ಟದ ವಿಷಯಕ್ಕೆ ಮೀಸಲಿಡಲಿ. ವಾರಕ್ಕೊಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟು, ಪುಸ್ತಕ ಮುಚ್ಚಿ ಬರೆಯಲಿ. ತಪ್ಪಿದ್ದನ್ನು ಬೇರೆ ಪುಸ್ತಕದಲ್ಲಿ ಬರೆದಿಟ್ಟು ಮರುವಾರ ಅದನ್ನೇ ಮೊದಲು ಮಾಡಲಿ. ತರಗತಿಯ ಮುಂದೆ ವಿಷಯ ಮಂಡಿಸಬೇಕಾಗಿದ್ದರೆ ಹಿಂದಿನ ರಾತ್ರಿ ಅಜ್ಜಿಯ ಮುಂದೆ ನಿಂತು ಸ್ವಂತ ಮಾತಿನಲ್ಲಿ ಹೇಳಲಿ. ಅಜ್ಜಿಗೆ ಅರ್ಥವಾಗದಿದ್ದರೆ ಮಗುವಿಗೂ ಪೂರ್ತಿ ಅರ್ಥವಾಗಿಲ್ಲವೆಂದೇ ತಿಳಿಯಿರಿ. ನಿದ್ರೆಯನ್ನು ಮಾತ್ರ ಕಸಿಯಬೇಡಿ, ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ.

ಇನ್ನೊಂದು ಮಾತು ತಂದೆ ತಾಯಿಗಳಿಗೆ. “ಹೇಗಾದರೂ ಮಾಡಿ ಪಾಸಾಗು” ಎಂದು ನಾವು ಹೇಳುತ್ತೇವೆ. ಆ “ಹೇಗಾದರೂ” ಎಂಬ ಪದದೊಳಗೆ ಚೀಟಿಗೆ ಅನುಮತಿ ಇದೆಯೆಂದು ಮಕ್ಕಳು ಬಹಳ ಬೇಗ ಅರಿಯುತ್ತಾರೆ. ಅದರ ಬದಲು ಪರೀಕ್ಷೆಯ ಬೆಳಿಗ್ಗೆ ತಲೆ ನೇವರಿಸಿ, “ಗೊತ್ತಿದ್ದುದನ್ನು ಬರೆ ಮಗಾ, ಗೊತ್ತಿಲ್ಲದ್ದನ್ನು ಬಿಡು. ಫಲಿತಾಂಶ ಏನೇ ಬಂದರೂ ಈ ಮನೆಯ ಬಾಗಿಲು ನಿನಗೆ ತೆರೆದಿರುತ್ತದೆ” ಎಂದು ಹೇಳಿ ನೋಡಿರಿ. ಸೋಲಿಗೆ ಹೆದರುವ ಮಗುವೇ ಚೀಟಿಗೆ ಕೈ ಚಾಚುತ್ತದೆ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂದಿತು. ಒಮ್ಮೆ ತಪ್ಪಿದವರಿಗೆ ಮತ್ತೆ ಬರೆಯುವ ದಾರಿ ಇದೆ. ಒಮ್ಮೆ ಕಳೆದ ಪ್ರಾಮಾಣಿಕತೆಯನ್ನು ಮರಳಿ ಪಡೆಯುವುದು ಅಷ್ಟು ಸುಲಭವಲ್ಲ.

ನಮ್ಮ ಮಕ್ಕಳ ಜ್ಞಾನವನ್ನು ಅಲ್ಲಾಹನು ವೃದ್ಧಿಸಲಿ. ಯಾರೂ ನೋಡದ ಕಡೆಯಲ್ಲೂ ಅವರ ಕೈಗಳನ್ನು ಶುದ್ಧವಾಗಿಡಲಿ. ಆಮೀನ್.