ಗಿರಾಕಿ ಕೊಟ್ಟ ಉದ್ರಿ

‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆಯನ್ನು ನಾವೆಲ್ಲ ಅಂಗಡಿಗಳಲ್ಲಿ ನೋಡಿದ್ದೇವೆ. ಉದ್ರಿ ಕೊಡುವವನು ವ್ಯಾಪಾರಿ, ಕೇಳುವವನು ಗಿರಾಕಿ ಎಂಬುದು ಅದರ ಹಿಂದಿರುವ ಎಣಿಕೆ. ಹೊಸದಾಗಿ ಬಾಗಿಲು ತೆರೆದ ಅಂಗಡಿಯಲ್ಲಿ ಮಾತ್ರ ಈ ಲೆಕ್ಕ ತಿರುವುಮುರುವು. ಮಾಲು ಹೇಗಿದೆಯೋ, ಇವನು ಮಾತಿಗೆ ನಿಲ್ಲುವವನೋ, ಬರುವ ಯುಗಾದಿಗೆ ಈ ಅಂಗಡಿ ಇಲ್ಲಿರುತ್ತದೋ, ಏನೂ ಗೊತ್ತಿಲ್ಲದೆ ಯಾರೋ ಒಬ್ಬರು ಒಳಗೆ ಬಂದು ದುಡ್ಡು ಕೊಡುತ್ತಾರೆ. ನಂಬಲು ಕಾರಣವಿನ್ನೂ ಹುಟ್ಟಿಲ್ಲ, ಆದರೂ ಅವರು ನಂಬಿಯಾಗಿದೆ. ಅಲ್ಲಿ ಉದ್ರಿ ಕೊಟ್ಟವರು ಗಿರಾಕಿ, ಸಾಲಗಾರ ವ್ಯಾಪಾರಿ.

ಉಡುಪಿಯಲ್ಲಿ ಇದು ಅಕ್ಷರಶಃ ನಡೆದಿದೆ. 1925ರಲ್ಲಿ ವೈದ್ಯರಾದ ಟಿ.ಎಂ.ಎ. ಪೈ, ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಇದೇ. ಆಗ ಕೈಮಗ್ಗಕ್ಕೆ ಕಷ್ಟದ ಕಾಲ. ಊರವರ ಸಣ್ಣ ಉಳಿತಾಯ ಕೂಡಿಸಿ ಅದರಿಂದ ನೇಕಾರರಿಗೆ ಆಸರೆಯಾಗಬೇಕೆಂಬುದು ಅವರ ಉದ್ದೇಶ. 1928ರಲ್ಲಿ ಪಿಗ್ಮಿ ಠೇವಣಿ ಶುರುವಾಯಿತು. ಬ್ಯಾಂಕಿನ ಏಜೆಂಟರು ದಿನಾ ಮನೆಬಾಗಿಲಿಗೆ ಹೋಗಿ ಎರಡಾಣೆಯನ್ನಾದರೂ ಸರಿ, ಕಟ್ಟಿಸಿಕೊಂಡು ಬರುತ್ತಿದ್ದರು.

ಎರಡಾಣೆಯ ಲೆಕ್ಕ ಹಾಕಿ ನೋಡಬೇಕು. ಎಂಟು ದಿನ ಕಟ್ಟಿದರೆ ಒಂದು ರೂಪಾಯಿ. ಒಂದು ದಿನವೂ ತಪ್ಪಿಸದೆ ವರ್ಷವಿಡೀ ಕಟ್ಟಿದರೆ 45 ರೂಪಾಯಿ 10 ಆಣೆ. ಬ್ಯಾಂಕಿನ ಮೂಲ ಬಂಡವಾಳದಷ್ಟು ಹಣ ಕೂಡಬೇಕಾದರೆ ಏಜೆಂಟ್ 64,000 ಸಲ ಕೈ ಚಾಚಬೇಕು. ಲಾಭವನ್ನಷ್ಟೇ ನೋಡುವವರು ಇಂಥ ಕೆಲಸಕ್ಕೆ ಇಳಿಯುವುದಿಲ್ಲ. ಆದರೆ ಆ ಬಾಗಿಲಲ್ಲಿ ಏನು ನಡೆಯುತ್ತಿತ್ತೆಂಬುದು ನನಗೆ ಹಣಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಠೇವಣಿ ಇಡುವವನು ಬ್ಯಾಂಕಿಗೆ ಸಾಲ ಕೊಡುವವನೇ ತಾನೆ? ದಿನಗೂಲಿಯ ಮನುಷ್ಯ, ನಾಳೆ ಕೂಲಿ ಸಿಗುವ ಖಾತ್ರಿಯಿಲ್ಲದವನು, ಮೂರೇ ವರ್ಷದ ಸಂಸ್ಥೆಯೊಂದಕ್ಕೆ ತನ್ನ ಇವತ್ತಿನ ಎರಡಾಣೆ ಬಿಟ್ಟುಕೊಡುತ್ತಾನೆ. ಬ್ಯಾಂಕು ಮುಳುಗಿದರೆ ಸ್ಥಾಪಕರಿಗೆ ಬೇರೆ ಕಸುಬಿತ್ತು. ಇವನಿಗೆ ಆ ಎರಡಾಣೆಗಳೇ ಇದ್ದದ್ದು. ಸಾಹಸಿ ಎಂದು ನಾವು ಸ್ಥಾಪಕರನ್ನು ಕರೆಯುತ್ತೇವೆ. ಮೊದಲ ಗಿರಾಕಿಯ ಸಾಹಸಕ್ಕೆ ನಮ್ಮಲ್ಲಿ ಲೆಕ್ಕವೇ ಇಲ್ಲ.

ಇಂಥ ಋಣವನ್ನು ತೀರಿಸುವುದು ಹೇಗೆ? ಬಡ್ಡಿ ಕೊಟ್ಟರೆ ಹಣದ ಋಣ ತೀರೀತು. ನಂಬಿಕೆಯ ಋಣಕ್ಕೆ ಪಿಗ್ಮಿ ಏಜೆಂಟ್ ಕಂಡುಕೊಂಡ ದಾರಿ ಬಹಳ ಸರಳವಾದದ್ದು: ಮಾರನೆಯ ದಿನವೂ ಬರುವುದು. ನಿನ್ನೆ ದುಡ್ಡು ಇಸಿದುಕೊಂಡು ಹೋದವನು ಇವತ್ತು ಅದೇ ಹೊತ್ತಿಗೆ ಮತ್ತೆ ಬಾಗಿಲಲ್ಲಿ ನಿಂತಿದ್ದಾನೆ. ಏನಾದರೂ ಎಡವಟ್ಟಾದರೆ ಕೇಳುವುದಕ್ಕೆ ಒಂದು ಮುಖವಿದೆ, ಆ ಮುಖಕ್ಕೆ ತಪ್ಪಿಸಿಕೊಳ್ಳಲು ಬೇರೆ ಬೀದಿಯಿಲ್ಲ. ಸಂಬಂಧವೆಂದರೆ ನಗುಮುಖ, ಸಿಹಿ ಮಾತು, ಹಬ್ಬಕ್ಕೊಂದು ಶುಭಾಶಯ ಎಂದುಕೊಂಡಿರುವವರಿದ್ದಾರೆ. ಕೇಳುವವರ ಕೈಗೆ ಸಿಗುವಷ್ಟು ಹತ್ತಿರದಲ್ಲಿ ನಿಲ್ಲುವುದು ಸಂಬಂಧ ಎಂದು ನನಗೆ ಅನ್ನಿಸುತ್ತದೆ.

ಹಾಗೆಂದು ಮುಖವೊಂದನ್ನೇ ನಂಬಲಾಗದು. ಪರಿಚಯದ ಏಜೆಂಟನ ಮುಖ ನೋಡಿ ದುಡ್ಡು ಕಟ್ಟಿ, ಒಂದು ಬೆಳಿಗ್ಗೆ ಫೈನಾನ್ಸ್ ಕಂಪನಿಯ ಬಾಗಿಲಿಗೆ ಬೀಗ ಬಿದ್ದದ್ದನ್ನು ಕಂಡ ಕುಟುಂಬಗಳು ನಮ್ಮ ಊರೂರಲ್ಲೂ ಇವೆ. ಅಲ್ಲಿಯೂ ಒಡನಾಟವಿತ್ತು, ಮನೆಗೆ ಬಂದು ಕಾಫಿ ಕುಡಿದು ಹೋಗುವ ಸಲುಗೆಯಿತ್ತು. ಆ ಸಲುಗೆಯನ್ನೇ ಕಂಪನಿಯವರು ಗಾಳವಾಗಿಸಿಕೊಂಡರು. ನೆರೆಹೊರೆಯವರಿಗೆ ಮುಖ ತೋರಿಸಲಾಗದೆ ಕೊನೆಗೆ ಉಳಿದವನು ಆ ಬಡ ಏಜೆಂಟನೇ. ಪಿಗ್ಮಿಯಲ್ಲಿ ಪಾಸ್‌ಬುಕ್ ಗಿರಾಕಿಯ ಮನೆಯಲ್ಲೇ ಇರುವ ಪದ್ಧತಿಯ ಬೆಲೆ ಆಗ ತಿಳಿಯುತ್ತದೆ. ಪ್ರೀತಿ ಎಷ್ಟೇ ಇರಲಿ, ಲೆಕ್ಕವು ದುಡ್ಡು ಕೊಟ್ಟವರ ಕೈಯಲ್ಲಿರಬೇಕು. ಗಿರಾಕಿಯ ಸಲುಗೆ ಬೆಳೆಸಿಕೊಂಡು ಲೆಕ್ಕ ಮುಚ್ಚಿಡುವ ವ್ಯಾಪಾರ ಕಳ್ಳತನಕ್ಕಿಂತ ಕೀಳು. ಕಳ್ಳ ನಂಬಿಕೆಯನ್ನು ಬೇಡಿರುವುದಿಲ್ಲ.

ಕಾಲ ಬದಲಾಗಿದೆ, ಈಗ ಬಾಗಿಲಿಗೆ ಹೋಗುವ ಅಗತ್ಯವಿಲ್ಲ ಎಂಬ ಮಾತಿದೆ. ಆದರೆ ಬೆಂಗಳೂರಿನಲ್ಲೇ 2007ರಲ್ಲಿ ಫ್ಲಿಪ್‌ಕಾರ್ಟ್ ಶುರುವಾದಾಗ ಮೊದಲ ಆರ್ಡರ್ ಬಂದದ್ದು ಮೆಹಬೂಬ್‌ನಗರದಿಂದ, ಒಂದೇ ಒಂದು ಪುಸ್ತಕಕ್ಕೆ. ಆ ಪುಸ್ತಕ ಸುಲಭವಾಗಿ ಸಿಗಲಿಲ್ಲ. ಸ್ಥಾಪಕರಾದ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಬೆಂಗಳೂರಿನ ಪುಸ್ತಕದಂಗಡಿಗಳಲ್ಲಿ ಹುಡುಕಿ ತಂದು ಕಳಿಸಿದರು. ಕಂಪ್ಯೂಟರಿನ ವ್ಯಾಪಾರವಾದರೂ ಮೊದಲ ಗಿರಾಕಿಗಾಗಿ ಮನುಷ್ಯರೇ ಅಲೆಯಬೇಕಾಯಿತು. ‘ಸ್ಟಾಕ್ ಇಲ್ಲ’ ಎಂದು ಬರೆದು ಹಣ ವಾಪಸ್ ಮಾಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ.

ಮುಂದೆ ಗಿರಾಕಿಗಳು ನೂರಾಗಿ, ಸಾವಿರವಾಗಿ, ಲಕ್ಷವಾಗುತ್ತಾರೆ. ಆಗ ಒಬ್ಬೊಬ್ಬರ ಬಾಗಿಲಿಗೂ ಮಾಲೀಕರು ಹೋಗಲಾರರು, ಹೋಗಬೇಕೆಂದು ಕೇಳುವುದೂ ಸರಿಯಲ್ಲ. ದೂರಿಗೆ ಕಿವಿಗೊಡುವ ಅಭ್ಯಾಸ, ತೂಕದಲ್ಲಿ ನ್ಯಾಯ, ಹೇಳಿದ ದಿನಕ್ಕೆ ಕೊಡುವ ಶಿಸ್ತು, ಇವೆಲ್ಲ ಬೇರು ಬಿಡುವುದು ಮಾತ್ರ ಗಿರಾಕಿಗಳು ಹತ್ತಿಪ್ಪತ್ತು ಮಂದಿ ಇರುವಾಗಲೇ. ಆಗ ಕಲಿಯದೆ ದೊಡ್ಡದಾದ ಸಂಸ್ಥೆ ಆಮೇಲೆ ತರಬೇತಿ ಕೊಟ್ಟು, ಫಲಕ ಹಾಕಿ ಆ ಕೊರತೆಯನ್ನು ತುಂಬಿಕೊಂಡದ್ದನ್ನು ನಾನು ಕಂಡಿಲ್ಲ.

ಹೊಸದಾಗಿ ಮೆಸ್ಸೋ, ಟೈಲರಿಂಗ್ ಅಂಗಡಿಯೋ, ಆಪ್ ಕಂಪನಿಯೋ ತೆರೆದಿರುವ ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮೊದಲ ಹತ್ತಿಪ್ಪತ್ತು ಗಿರಾಕಿಗಳ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಬೆಲೆ ಏರಿಸುವ ಮುನ್ನ, ಜಾಗ ಬದಲಿಸುವ ಮುನ್ನ, ಮುಚ್ಚಬೇಕಾಗಿ ಬಂದರೆ ಮುಚ್ಚುವ ಮುನ್ನವೂ, ಸುದ್ದಿಯನ್ನು ಮೊದಲು ಅವರಿಗೆ ನೀವೇ ಹೋಗಿ ತಿಳಿಸಿ.