ಪದಾರ್ಥ, ಪರೀಕ್ಷೆ, ಪ್ರಸಾದ

ಮಳವಳ್ಳಿ ತಾಲ್ಲೂಕಿನ ಹಲಗೂರು ಜನಪದರ ಹಾಡಿನಲ್ಲಿ ಉಳಿದುಬಂದಿರುವುದು ಕಬ್ಬಿಣದ ಊರೆಂದು. ಮಂಟೇಸ್ವಾಮಿಯವರ ಮಹಿಮೆಯನ್ನು ನೀಲಗಾರರು ಹಾಡುವಾಗ, ಶಿಷ್ಯರಾದ ಸಿದ್ಧಪ್ಪಾಜಿಯವರು ಗುರುವಿನ ಅಪ್ಪಣೆಯನ್ನು ಶಿರಸಾವಹಿಸಿ ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಬಂದ ಪ್ರಸಂಗವು ವಿಸ್ತಾರವಾಗಿ ಬರುತ್ತದೆ. ಕುಲುಮೆಗಳ ಒಡೆಯರಾದ ಅವರು ಭಿಕ್ಷೆ ನೀಡಲೊಪ್ಪದೆ, ಬೇಡಲು ಬಂದವರನ್ನೇ ಕಠಿನವಾದ ಪರೀಕ್ಷೆಗಳಿಗೆ ಒಡ್ಡಿದರೆಂದು ಕಥೆ ಹೇಳುತ್ತದೆ. ಪರೀಕ್ಷೆಯೆಂಬುದು ತಪ್ಪಲ್ಲ. ಆದರೆ ಯಾವುದನ್ನು ಪರೀಕ್ಷಿಸಬೇಕು, ಯಾವಾಗ ಪರೀಕ್ಷಿಸಬೇಕು ಎಂಬ ವಿವೇಕ ತಪ್ಪಿದರೆ ಕೈಯಲ್ಲಿರುವ ಲೋಹವೇ ಮನಸ್ಸಿಗೆ ಅಂಟಿಕೊಳ್ಳುತ್ತದೆ. ಈ ಮಾತು ಅಂದಿನ ಕಬ್ಬಿಣಕ್ಕೆ ಸಂದಂತೆಯೇ ಇಂದು ಮನೆಮನೆಯ ಕೈಗಳಲ್ಲಿರುವ ಮೊಬೈಲಿಗೂ ಸಲ್ಲುತ್ತದೆ.

ಹೊಸ ಮೊಬೈಲೊಂದು ಮಾರುಕಟ್ಟೆಗೆ ಬಂದಾಗಲೆಲ್ಲ ಅದನ್ನು ಕೊಂಡವರಲ್ಲಿ ಎರಡು ಪಂಗಡಗಳಾಗುವುದು ರೂಢಿಯಾಗಿದೆ. ‘ಇದು ನಿರಾಶೆಯನ್ನುಂಟುಮಾಡಿತು’ ಎನ್ನುವವರು ಒಂದು ಪಂಗಡ. ‘ಇದಕ್ಕಿಂತ ಮತ್ತೇನು ಬೇಕು?’ ಎನ್ನುವವರು ಇನ್ನೊಂದು. 2024ನೆಯ ಸೆಪ್ಟೆಂಬರ್ 9ರಂದು ಆಪಲ್ ಸಂಸ್ಥೆಯು ‘ಐಫೋನ್ 16’ನ್ನು ಪ್ರಕಟಿಸಿ, ಅದೇ ತಿಂಗಳ 20ರಿಂದ ಮಾರಾಟಕ್ಕೆ ಬಿಟ್ಟಾಗ ಈ ವಾದವು ಬಲವಾಗಿ ಎದ್ದಿತು. ನಮ್ಮ ದೇಶದಲ್ಲಿ ಆಗ ಅದರ ಆರಂಭದ ಬೆಲೆ 79,900 ರೂಪಾಯಿಯಿದ್ದಿತು. ಹಿಂದಿನ ವರ್ಷದ ಫೋನಿಗೂ ಬಿಡುಗಡೆಯ ದಿನ ಇದೇ ಬೆಲೆಯಿದ್ದಿತು. ಪರದೆಯ ಚಿತ್ರವು ಸೆಕೆಂಡಿಗೆ 60 ಬಾರಿ ಹೊಸದಾಗುವುದು ಹಾಗೆಯೇ ಉಳಿದಿತ್ತು. ಎಷ್ಟೋ ಅಗ್ಗದ ಫೋನುಗಳಲ್ಲಿ ಅದು ಆ ವೇಳೆಗಾಗಲೇ 120 ಬಾರಿ ಆಗುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ ಯಾವ ಕೃತಕ ಬುದ್ಧಿಯ ಸೌಕರ್ಯವನ್ನು ಮುಂದಿಟ್ಟು ಫೋನನ್ನು ಸಾರಿದ್ದರೋ ಅದು ಮಾರಾಟದ ದಿನ ಪೆಟ್ಟಿಗೆಯಲ್ಲಿ ಇರಲೇ ಇಲ್ಲ. ಅದರ ಮೊದಲ ಕಂತು ಅಮೆರಿಕದ ಇಂಗ್ಲಿಷಿನಲ್ಲಿ ಬಂದದ್ದು ಅಕ್ಟೋಬರ್ ಕೊನೆಗೆ. ಭಾರತದ ಇಂಗ್ಲಿಷಿಗೆ ಬಂದದ್ದು 2025ರ ಮಾರ್ಚ್ ಕೊನೆಗೆ. ಕನ್ನಡವಂತೂ ಆಗ ಅದರಲ್ಲಿ ಸೇರಿರಲಿಲ್ಲ. ‘ಸಿರಿ’ ಎಂಬ ಧ್ವನಿಸಹಾಯಕಕ್ಕೆ ಬರಬೇಕಾಗಿದ್ದ ಹೆಚ್ಚಿನ ತಿಳಿವು ತಡವಾಗುವುದೆಂದು ಸಂಸ್ಥೆಯೇ 2025ರ ಮಾರ್ಚಿಯಲ್ಲಿ ಒಪ್ಪಿಕೊಂಡಿತು.

ಇನ್ನು ಹಲಗೂರು ಸೀಮೆಯ ಒಂದು ಗೃಹಸ್ಥರ ಮನೆಯನ್ನು ಭಾವಿಸಿಕೊಳ್ಳಬಹುದು. ಸಾಯಂಕಾಲದ ಲಿಂಗಾರ್ಚನೆ ಮುಗಿದಿದೆ. ಜಗಲಿಯ ಮೇಲೆ ಭಾವನೂ ಮೈದುನನೂ ಕುಳಿತಿದ್ದಾರೆ. ಇಬ್ಬರ ಕೈಯಲ್ಲಿಯೂ ಅದೇ ಫೋನು. ಭಾವನು ಬೆಂಗಳೂರಿನಲ್ಲಿ ನೌಕರಿಯಲ್ಲಿರುವವನು. ತಿಂಗಳ ಕಂತಿನ ಮೇಲೆ ಕೊಂಡಿದ್ದಾನೆ. ಮೈದುನನು ಊರಿನಲ್ಲಿದ್ದು ರೇಷ್ಮೆಹುಳು ಸಾಕುವವನು. ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಮಾರಿ ಬಂದ ಹಣದಿಂದ ಕೊಂಡಿದ್ದಾನೆ.

“ಎಂಬತ್ತು ಸಾವಿರ ನೀರಿಗೆ ಹಾಕಿದ ಹಾಗಾಯಿತು. ಹಳೆಯದಕ್ಕೂ ಇದಕ್ಕೂ ಏನು ಹೆಚ್ಚು?” ಎನ್ನುತ್ತಾನೆ ಭಾವ.

“ನಿಮಗೆ ಯಾವುದು ತಾನೆ ಹಿಡಿಸುತ್ತದೆ ಭಾವ? ನನಗೇನೋ ಒಂದು ಕೊರತೆಯೂ ಕಾಣಲಿಲ್ಲ” ಎನ್ನುತ್ತಾನೆ ಮೈದುನ.

ಮಾತು ಬೆಳೆದು, ಊಟಕ್ಕೆ ಕರೆದರೂ ಏಳದಷ್ಟು ಬಿಸಿಯೇರುತ್ತದೆ. ಒಂದು ವಸ್ತುವಿನ ಗುಣದೋಷಕ್ಕಾಗಿ ಇಷ್ಟು ತಾಪವೇಕೆ? ಕಾರಣ ಒಳಗಿದೆ. ಈ ಫೋನು ಕೈಗೆ ಬಂದರೆ ಕಚೇರಿಯಲ್ಲಿ ನಾಲ್ವರ ನಡುವೆ ತನ್ನ ತೂಕ ಹೆಚ್ಚುವುದೆಂದು ಭಾವನು ಎಣಿಸಿದ್ದನು, ಅದು ಹೆಚ್ಚಲಿಲ್ಲ. ಮೈದುನನು ಕೊಟ್ಟ ಹಣವಾದರೋ ಹುಳು ಸಾಕುವ ಮನೆಯ ಮಾಡು ದುರಸ್ತಿಗೆಂದು ತಂದೆಯು ಎತ್ತಿಡಲು ಹೇಳಿದ್ದ ಹಣ. ಫೋನಿನಲ್ಲಿ ಕೊರತೆಯಿದೆಯೆಂದು ಒಪ್ಪಿದರೆ ಮಾಡಿನ ಮಾತನ್ನೂ ಒಪ್ಪಬೇಕಾಗುತ್ತದೆ. ಆದುದರಿಂದ ಅವನು ಹೊಗಳುತ್ತಾನೆ. ತೆಗಳುವವನೂ ಹೊಗಳುವವನೂ ಫೋನಿನ ಹೆಸರಿನಲ್ಲಿ ತಮ್ಮ ತಮ್ಮ ಒಳಗನ್ನೇ ಆಡುತ್ತಿದ್ದಾರೆ.

ಇಂಥ ಸಂದರ್ಭದಲ್ಲಿ ‘ಆಸೆಯೇ ದುಃಖಕ್ಕೆ ಮೂಲ, ಆಸೆಯನ್ನು ಬಿಡಿ’ ಎಂದು ಹೇಳಿ ಎದ್ದುಬಿಡುವುದು ಸುಲಭ. ಆದರೆ ಗೃಹಸ್ಥನಿಗೆ ಅಷ್ಟರಿಂದ ದಾರಿ ಕಾಣುವುದಿಲ್ಲ. ಶರಣರು ಪದಾರ್ಥಗಳಿಂದ ಓಡಿಹೋದವರಲ್ಲ. ನೇಯ್ದರು, ಹೊಲಿದರು, ದೋಣಿ ನಡೆಸಿದರು, ಭಂಡಾರದ ಲೆಕ್ಕ ಬರೆದರು. ಉಪಕರಣವಿಲ್ಲದೆ ಕಾಯಕವಿಲ್ಲ. ನೇಯುವವನು ಹಾಳಾದ ಲಾಳಿಯನ್ನು ಕೊಂಡು ‘ನನಗೆ ಆಸೆಯಿಲ್ಲ, ಇದೇ ಸಾಕು’ ಎಂದರೆ ಅದು ವೈರಾಗ್ಯವಲ್ಲ, ಕಾಯಕಕ್ಕೆ ಎಸಗಿದ ಅಪಚಾರ. ಹಾಗಾದರೆ ವಸ್ತುವಿನ ದೋಷವನ್ನು ಕಾಣುವುದೂ ಬೇಕು, ಬಂದುದರಲ್ಲಿ ತೃಪ್ತಿಯೂ ಬೇಕು. ಇವೆರಡೂ ಒಂದೇ ಮನಸ್ಸಿನಲ್ಲಿ ಹೇಗೆ ನಿಲ್ಲಬಲ್ಲವು? ಪ್ರಶ್ನೆಯ ತಿರುಳು ಇಲ್ಲಿದೆ.

ಇದಕ್ಕೆ ಉತ್ತರವು ನಿತ್ಯವೂ ನಡೆಸುವ ಅರ್ಪಣದ ಕ್ರಮದಲ್ಲಿಯೇ ಅಡಗಿದೆ. ಲಿಂಗಕ್ಕೆ ಅರ್ಪಿಸುವುದಕ್ಕೆ ಮುನ್ನ ವಸ್ತುವು ಪದಾರ್ಥ. ಅರ್ಪಿಸಿದ ತರುವಾಯ ಅದೇ ಪ್ರಸಾದ. ಪದಾರ್ಥವಾಗಿರುವಾಗ ಅದನ್ನು ಆರಿಸಬೇಕು, ತೊಳೆಯಬೇಕು, ಕಲ್ಲು ನುಚ್ಚು ತೆಗೆಯಬೇಕು. ಅದು ಯಾವ ದಾರಿಯಿಂದ ಬಂದಿತು, ಸತ್ಯಶುದ್ಧವಾದ ಕಾಯಕದ ಗಳಿಕೆಯೋ ಅಲ್ಲವೋ ಎಂದು ವಿಚಾರಿಸಬೇಕು. ಈ ಪರೀಕ್ಷೆಯಲ್ಲಿ ದಾಕ್ಷಿಣ್ಯವಿಲ್ಲ. ಪ್ರಸಾದವಾದ ಮೇಲೆ ಅದು ರುಚಿಯೇ ಅರುಚಿಯೇ, ನೆರೆಯವನ ತಟ್ಟೆಯಲ್ಲಿರುವುದಕ್ಕಿಂತ ಹೆಚ್ಚೇ ಕಡಿಮೆಯೇ ಎಂದು ಅಳೆಯುವಂತಿಲ್ಲ. ಒಟ್ಟಿನಲ್ಲಿ ಅರ್ಪಣಕ್ಕೆ ಮುನ್ನ ಪರೀಕ್ಷೆ, ಅರ್ಪಣದ ತರುವಾಯ ಪ್ರಸಾದಬುದ್ಧಿ. ಎರಡೂ ಧರ್ಮವೇ, ಆದರೆ ಒಂದರ ಸ್ಥಾನದಲ್ಲಿ ಇನ್ನೊಂದನ್ನು ತಂದಿಟ್ಟರೆ ಎರಡೂ ಕೆಡುತ್ತವೆ.

ಭಾವಮೈದುನರ ವಾದವನ್ನು ಈ ಬೆಳಕಿನಲ್ಲಿ ನೋಡಿದರೆ ಇಬ್ಬರ ತಪ್ಪೂ ಕಾಲದ ತಪ್ಪೆಂದು ತಿಳಿಯುತ್ತದೆ. ಭಾವನು ಕೊಳ್ಳುವ ಮೊದಲು ಮಾಡಬೇಕಾಗಿದ್ದ ಪರೀಕ್ಷೆಯನ್ನು ಕೊಂಡ ಮೇಲೆ ಮಾಡುತ್ತಿದ್ದಾನೆ. ಪರದೆಯ ಲೆಕ್ಕವಾಗಲಿ, ಸೌಕರ್ಯವು ತಡವಾಗಿ ಬರುವುದಾಗಲಿ, ಮಾರಾಟದ ದಿನಕ್ಕೆ ಮುಂಚೆಯೇ ಬಹಿರಂಗವಾಗಿ ತಿಳಿದಿದ್ದ ಸಂಗತಿಗಳು. ಆಗ ಕಣ್ಣು ಮುಚ್ಚಿಕೊಂಡು ಈಗ ಕಣ್ಣು ಕೆಂಪಾಗಿಸಿದರೆ ಫಲವೇನು? ಮೈದುನನಾದರೋ ಪರೀಕ್ಷೆಯನ್ನು ಮಾಡಲೇ ಇಲ್ಲ. ಪರೀಕ್ಷೆಯಿಲ್ಲದೆ, ಅರ್ಪಣವಿಲ್ಲದೆ, ಪ್ರಸಾದಿಯ ಮಾತನ್ನು ಮಾತ್ರ ಆಡುತ್ತಿದ್ದಾನೆ. ಅವನ ತೃಪ್ತಿಯು ತೃಪ್ತಿಯಲ್ಲ, ಮುಚ್ಚಳ. ಕಲ್ಲು ಆರಿಸದೆ ಬೇಯಿಸಿದ ಅನ್ನವನ್ನು ನುಂಗಿ ‘ಬಹಳ ಚೆನ್ನಾಗಿದೆ’ ಎಂದಂತೆ.

ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವು ಸದ್ಭಕ್ತರಿಗೆ ಹೊಸದಲ್ಲ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಅದನ್ನು ಕಂಡು ಹಿಗ್ಗಲಿಲ್ಲ. ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಗೆ ತಿಳಿಸಿದರು. ಇದನ್ನು ಬಡತನದ ಹಿರಿಮೆಯೆಂದು ಹೇಳುವುದು ವಾಡಿಕೆ. ಆದರೆ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಆ ಅಕ್ಕಿ ಕದ್ದುದಲ್ಲ, ಹುಳುಕಲ್ಲ, ಮುಗ್ಗಿದುದೂ ಅಲ್ಲ. ಆಕೆಗೆ ಅಳತೆ ಗೊತ್ತಿದ್ದುದು ಅಕ್ಕಿಯನ್ನು ನೋಡುವುದಕ್ಕೆ ಮುನ್ನ. ಇಷ್ಟು ಕಾಯಕ, ಇಷ್ಟು ದಾಸೋಹ, ಅದಕ್ಕೆ ಇಷ್ಟು ಅಕ್ಕಿ ಎಂಬ ಮಾನ ಮನೆಯಲ್ಲಿ ಸ್ಥಿರವಾಗಿತ್ತು. ವಸ್ತುವನ್ನು ನೋಡಿದ ಮೇಲೆ ಅಳತೆಯನ್ನು ಹುಡುಕುವವನಿಗೆ ವಸ್ತುವೇ ಅಳತೆಯಾಗಿಬಿಡುತ್ತದೆ. ಅವನಿಗೆ ಎಷ್ಟು ಬಂದರೂ ಕಡಿಮೆಯೆ.

ಮೊಬೈಲಿನ ಲೋಕವು ನಡೆಯುವುದೇ ಈ ತಪ್ಪಿದ ಅಳತೆಯ ಮೇಲೆ. 2024ರಲ್ಲಿ 60ರ ಪರದೆಯೆಂದು ನೊಂದವರಿಗೆ 2025ರ ಸೆಪ್ಟೆಂಬರಿನಲ್ಲಿ ಬಂದ ‘ಐಫೋನ್ 17’ರಲ್ಲಿ 120ರ ಪರದೆ ದೊರೆಯಿತು, ಸಂಗ್ರಹದ ಸ್ಥಳವೂ ಇಮ್ಮಡಿಯಾಗಿ, ಆರಂಭದ ಬೆಲೆ 82,900 ರೂಪಾಯಿಯಾಯಿತು. ಹಿಂದಿನ ವರ್ಷದ ನಿರಾಶೆಯೇ ಮುಂದಿನ ವರ್ಷದ ಸರಕು. ನಿರಾಶನಾದವನು ತಾನು ವ್ಯಾಪಾರಿಯನ್ನು ವಿರೋಧಿಸುತ್ತಿರುವೆನೆಂದು ತಿಳಿದಿರುತ್ತಾನೆ. ವಾಸ್ತವವಾಗಿ ಮುಂದಿನ ಮಾರಾಟಕ್ಕೆ ನೆಲ ಹದಮಾಡುತ್ತಿರುತ್ತಾನೆ.

ಹೀಗೆಂದ ಮಾತ್ರಕ್ಕೆ ದೋಷವೆಲ್ಲ ಕೊಳ್ಳುವವನದೇ ಎಂದು ಭಾವಿಸಬಾರದು. ನುಡಿ ನಡೆ ಒಂದಾಗಿರಬೇಕೆಂಬ ಶರಣರ ಕಟ್ಟಳೆಯು ಭಕ್ತನಿಗೊಂದು ವ್ಯಾಪಾರಿಗೊಂದು ಎಂದು ಇಬ್ಬಗೆಯಾಗಿಲ್ಲ. ಇರುವುದನ್ನು ಇದೆಯೆಂದು, ಮುಂದೆ ಬರಲಿರುವುದನ್ನು ಮುಂದೆ ಬರಲಿದೆಯೆಂದು ಗ್ರಾಹಕನ ಕಿವಿಗೆ ಸ್ಪಷ್ಟವಾಗಿ ಬೀಳುವಂತೆ ಹೇಳುವುದು ಮಾರುವವನ ಕಾಯಕದ ಅಂಗ. ಬರಲಿರುವ ಗುಣವನ್ನು ಮುಂದಿಟ್ಟು ಇಂದೇ ಪೂರ್ಣ ಬೆಲೆ ಪಡೆದರೆ ಅದನ್ನು ಪ್ರಶ್ನಿಸುವ ಹಕ್ಕು ಕೊಂಡವನಿಗೆ ಇದ್ದೇ ಇದೆ. ‘ಕೊಟ್ಟ ಮಾತಿನಂತೆ ಇದು ಇಲ್ಲ’ ಎನ್ನುವುದು ನ್ಯಾಯದ ಮಾತು. ‘ನಾನು ಮನಸ್ಸಿನಲ್ಲಿ ಬರೆದುಕೊಂಡ ಚಿತ್ರದಂತೆ ಇದು ಇಲ್ಲ’ ಎನ್ನುವುದು ಮೋಹದ ಮಾತು. ಎರಡಕ್ಕೂ ‘ನಿರಾಶೆ’ ಎಂಬ ಒಂದೇ ಶಬ್ದವನ್ನು ಬಳಸುವುದರಿಂದ ವಾದವು ಮುಗಿಯದೆ ಉಳಿಯುತ್ತದೆ. ಮೊದಲನೆಯದನ್ನು ಅಂಗಡಿಯವನಿಗೂ ಸಂಸ್ಥೆಗೂ ಶಾಂತವಾಗಿ ಹೇಳಬೇಕು. ಎರಡನೆಯದನ್ನು ಇಷ್ಟಲಿಂಗದ ಮುಂದೆ ಕುಳಿತು ತನಗೆ ತಾನೇ ಹೇಳಿಕೊಳ್ಳಬೇಕು.

ಪದಾರ್ಥವು ಬಂದ ದಾರಿಯನ್ನು ವಿಚಾರಿಸುವುದೂ ಪರೀಕ್ಷೆಯ ಭಾಗವಷ್ಟೆ. ಈ ಫೋನುಗಳು ದೂರದೇಶದಿಂದ ಮಾತ್ರ ಬರುವ ಕಾಲ ಹಿಂದಾಯಿತು. 2017ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ವಿಸ್ಟ್ರಾನ್ ಸಂಸ್ಥೆಯು ಐಫೋನುಗಳ ಜೋಡಣೆಯನ್ನು ಆರಂಭಿಸಿತು. ತರುವಾಯ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಅದರ ದೊಡ್ಡ ಕಾರ್ಖಾನೆ ಎದ್ದಿತು. 2020ರ ಡಿಸೆಂಬರ್ 12ರಂದು ಅಲ್ಲಿ ವೇತನದ ತಕರಾರು ಹಿಂಸೆಗೆ ತಿರುಗಿ, ಗಾಜುಗಳು ಒಡೆದು, ಕಾರ್ಮಿಕರ ಬಂಧನವೂ ಆಯಿತು. ಹಿಂಸೆಯನ್ನು ಯಾರೂ ಒಪ್ಪಲಾರರು. ಆದರೆ ವಿಚಾರಣೆಯ ತರುವಾಯ ಕೂಲಿಯು ಸರಿಯಾಗಿ, ಸಕಾಲದಲ್ಲಿ ಸಂದಿರಲಿಲ್ಲವೆಂಬುದನ್ನು ಸಂಸ್ಥೆಯೇ ಒಪ್ಪಿ ಕ್ಷಮೆ ಕೇಳಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಕೈಸೇರಿತು. ಪರದೆ 60ರದೋ 120ರದೋ ಎಂದು ಜಗಲಿಯ ಮೇಲೆ ಕುಳಿತು ನಿರಾಶರಾಗುವವರು, ದುಡಿದ ಕೂಲಿ ಕೈಗೆ ಬಾರದವನ ನಿರಾಶೆಯನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಕಾಯಕವನ್ನು ಕೈಲಾಸವೆಂದು ನಂಬಿದ ಪಂಥದವರಿಗೆ ಯಾವುದು ಹೆಚ್ಚು ತಟ್ಟಬೇಕು?

ಪ್ರಸಾದಬುದ್ಧಿಯೆಂದರೆ ಕಣ್ಣು ಮುಚ್ಚಿ ಒಪ್ಪಿಕೊಳ್ಳುವುದೆಂಬ ತಪ್ಪು ತಿಳಿವಳಿಕೆಯೊಂದು ಉಂಟು. ಷಟ್‌ಸ್ಥಲದಲ್ಲಿ ಭಕ್ತನಿಗೆ ಶ್ರದ್ಧಾಭಕ್ತಿಯನ್ನೂ ಮಹೇಶ್ವರನಿಗೆ ನಿಷ್ಠಾಭಕ್ತಿಯನ್ನೂ ಹೇಳಿದ ಹಿರಿಯರು ಪ್ರಸಾದಿಗೆ ಹೇಳಿದ್ದು ಅವಧಾನಭಕ್ತಿಯನ್ನು. ಅವಧಾನವೆಂದರೆ ಎಚ್ಚರ. ತೃಪ್ತನಾದವನೇ ಎಲ್ಲರಿಗಿಂತ ಎಚ್ಚರವುಳ್ಳವನೆಂಬುದು ಇದರ ಅರ್ಥ. ಪ್ರಸಾದಿಯು ವಸ್ತುವಿನ ಕೊರತೆಯನ್ನು ಕಾಣುತ್ತಾನೆ, ಆದರೆ ಕೊರಗುವುದಿಲ್ಲ. ಗುಣವನ್ನು ಕಾಣುತ್ತಾನೆ, ಆದರೆ ಬೀಗುವುದಿಲ್ಲ. ಅದು ಯಾವ ಕೆಲಸಕ್ಕೆ ಬಂದಿದೆಯೋ ಆ ಕೆಲಸವನ್ನು ಅದರಿಂದ ಪೂರ್ಣವಾಗಿ ಪಡೆಯುತ್ತಾನೆ.

ಆದುದರಿಂದ ಗೃಹಸ್ಥನು ಹೊಸ ಫೋನಿನ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಮೂರು ಮಾತುಗಳನ್ನು ಮನೆಯಲ್ಲಿಯೇ ಇತ್ಯರ್ಥ ಮಾಡಿಕೊಳ್ಳುವುದು ಲೇಸು. ಇರುವ ಉಪಕರಣದಿಂದ ಯಾವ ಕಾಯಕ ನಿಂತಿದೆ? ಕೊಡಲಿರುವ ಹಣ ಬೇರೆ ಯಾರಿಗೆ, ಯಾವುದಕ್ಕೆ ಸಲ್ಲಬೇಕಾದುದು? ಈಗಿರುವ ಗುಣಗಳಿಗಷ್ಟೇ ಈ ಬೆಲೆ ತಕ್ಕುದೆ? ಇವಕ್ಕೆ ಉತ್ತರ ದೊರೆತ ಮೇಲೆ ಕೊಂಡರೆ ನಿಶ್ಚಿಂತೆಯಿಂದ ಕೊಳ್ಳಬಹುದು, ಬಿಟ್ಟರೆ ನಿಶ್ಚಿಂತೆಯಿಂದ ಬಿಡಬಹುದು. ಕೊಂಡ ಮೇಲೆ ಅದನ್ನು ದಾಸೋಹಕ್ಕೆ ತೊಡಗಿಸಬೇಕು. ಪಕ್ಕದ ಮನೆಯ ವೃದ್ಧರ ಪಿಂಚಣಿ ಜಮೆಯಾಯಿತೆ ಎಂದು ನೋಡಿಕೊಡುವುದು, ಅಕ್ಷರ ಬಾರದವರಿಗೆ ಬಂದ ಸಂದೇಶವನ್ನು ಓದಿ ಹೇಳುವುದು, ದೂರದಲ್ಲಿರುವ ಮಗನ ಮುಖವನ್ನು ತಾಯಿಗೆ ತೋರಿಸುವುದು, ಇವುಗಳಿಗೆ ಸಲ್ಲುವ ಫೋನು ಯಾವ ವರ್ಷದ್ದೇ ಆಗಿರಲಿ, ಅದರಲ್ಲಿ ನಿರಾಶೆಗೆ ಸ್ಥಳವಿಲ್ಲ.

ಜಗಲಿಯ ವಾದವೂ ಹೀಗೆಯೇ ಮುಗಿಯಬಹುದು. ‘ಕೊಳ್ಳುವ ಮೊದಲು ನಾನು ವಿಚಾರಿಸಬೇಕಾಗಿತ್ತು’ ಎಂದು ಭಾವನು ಒಪ್ಪಿದರೆ ಅವನ ಅರ್ಧ ಬೇಗೆ ಇಳಿಯುತ್ತದೆ. ಮೈದುನನಿಗೆ ಅದಕ್ಕಿಂತ ಕಷ್ಟವಾದ ಕೆಲಸವಿದೆ. ಅವನು ಫೋನನ್ನು ಕೆಳಗಿಟ್ಟು, ಒಳಗೆ ಹೋಗಿ, “ಅಪ್ಪಾಜಿ, ಮಾಡಿನ ಹಣ ನನ್ನಿಂದ ಖರ್ಚಾಯಿತು, ಮುಂದಿನ ಬೆಳೆಯಲ್ಲಿ ಮೊದಲು ಅದನ್ನೇ ತುಂಬುತ್ತೇನೆ” ಎಂದು ಹೇಳಬೇಕು. ಆ ಮಾತು ಬಾಯಿಂದ ಬರುವವರೆಗೆ ಅವನ ಕೈಯಲ್ಲಿರುವುದು ಎಷ್ಟೇ ಹೊಸದಾದರೂ ಪದಾರ್ಥವೇ. ಬಂದ ಮೇಲೆ, ಅದೇ ಫೋನು, ಇರುವ ಕೊರತೆಗಳೊಡನೆಯೇ, ಪ್ರಸಾದವಾಗಲು ತಡವಿಲ್ಲ.