ಸವಕಳಿ

ನ್ಯೂಯಾರ್ಕಿನ ಹಳೆಯ ಬಡಾವಣೆಗಳಲ್ಲಿ ಕಾಂಕ್ರೀಟಿನ ಕಾಲುದಾರಿಯ ನಡುವೆ ಅಲ್ಲಲ್ಲಿ ನೀಲಿ ಛಾಯೆಯ ಬೂದು ಚಪ್ಪಡಿಗಳು ಇನ್ನೂ ಉಳಿದಿವೆ. ಮಳೆ ಬಿದ್ದಾಗ ಅವುಗಳ ಬಣ್ಣ ಎದ್ದು ಕಾಣುತ್ತದೆ. ಬ್ಲೂಸ್ಟೋನ್ ಎಂದು ಕರೆಯುವ ಈ ಕಲ್ಲು ಬಂದದ್ದು ಸುಮಾರು ನೂರು ಮೈಲಿ ಉತ್ತರಕ್ಕಿರುವ ಕ್ಯಾಟ್ಸ್‌ಕಿಲ್ ಬೆಟ್ಟಗಳ ಇಳಿಜಾರಿನಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಹಳ್ಳಿಗಳಲ್ಲಿ ಇದನ್ನು ಕೈಯಿಂದ ಎಬ್ಬಿಸಿದವರಲ್ಲಿ ಐರಿಷ್ ವಲಸಿಗರು ಬಹಳ. ಗಾಡಿಯಲ್ಲಿ ಹಡ್ಸನ್ ನದಿಯ ದಡಕ್ಕೆ, ಅಲ್ಲಿಂದ ಹಡಗಿನಲ್ಲಿ ನಗರಕ್ಕೆ. ಪೋರ್ಟ್‌ಲ್ಯಾಂಡ್ ಸಿಮೆಂಟು ಬಂದ ಮೇಲೆ ಕಸುಬು ಬಿದ್ದುಹೋಯಿತು.

ಊರಿನಿಂದ ಬಂದಿದ್ದ ಅಪ್ಪನನ್ನು ಕಳೆದ ಬೇಸಿಗೆಯಲ್ಲಿ ಎಡಿಸನ್‌ನಿಂದ ಅಂಥದೊಂದು ಹಳ್ಳಿಗೆ ಕರೆದುಕೊಂಡು ಹೋದೆ. ಸಾಗರ್ಟೀಸ್ ಬಳಿಯ ಹೈ ವುಡ್ಸ್. ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತು ವರ್ಷ ಜಲ್ಲಿ ರಾಶಿಗಳನ್ನು ಅಳೆದು ಅಳತೆ ಪುಸ್ತಕ ಬರೆದವರು. ನಯಾಗರದ ಮುಂದೆ ಸುಮ್ಮನೆ ನಿಂತಿದ್ದವರು ಇಲ್ಲಿ ಹುರುಪಾದರು. ಕಾಡಿನೊಳಗೆ ಪಾಚಿ ಹಿಡಿದ ಕಲ್ಲುಚೂರಿನ ಗುಡ್ಡೆಗಳು, ನೀರು ನಿಂತ ಗುಂಡಿಗಳು. ಒಂದು ಚೂರನ್ನೆತ್ತಿ, “ಪದರ ಪದರ ಬಿಡುತ್ತೆ ನೋಡೋ, ನಮ್ಮ ಶಹಾಬಾದ್ ಕಲ್ಲಿನ ಥರ” ಎಂದರು. ಶಹಾಬಾದಿನದು ಸುಣ್ಣದ ಕಲ್ಲು, ಇದು ಮರಳುಗಲ್ಲು. ಪದರದ ವಿಷಯದಲ್ಲಿ ಮಾತ್ರ ಅವರ ಮಾತು ಸರಿ.

ಆ ಹಳ್ಳಿಗೆ ಜನ ಬರುವುದು ‘ಓಪಸ್ 40’ ನೋಡಲು. ಹಾರ್ವೆ ಫೈಟ್ ಎಂಬ ಶಿಲ್ಪಿ 1938ರಲ್ಲಿ ಪಾಳುಬಿದ್ದ ಕ್ವಾರಿಯೊಂದನ್ನು ಕೊಂಡ. ಕಲ್ಲಿನವರು ಬೇಡವೆಂದು ಬಿಟ್ಟುಹೋದ ಚೂರುಗಳನ್ನೇ ಗಾರೆಯಿಲ್ಲದೆ ಜೋಡಿಸುತ್ತ ಆರೂವರೆ ಎಕರೆಯಲ್ಲಿ ಜಗಲಿ, ಮೆಟ್ಟಿಲು, ಇಳಿಜಾರುಗಳನ್ನು ಕಟ್ಟಿದ. ಮೊದಲು ಅವು ಅವನ ಮೂರ್ತಿಗಳಿಗೆ ಪೀಠವಾಗಬೇಕಿತ್ತು. ಆಮೇಲೆ ಪೀಠವೇ ಕೃತಿಯೆನಿಸಿ ಮೂರ್ತಿಗಳನ್ನು ಅಲ್ಲಿಂದ ತೆಗೆದ. ನಲವತ್ತು ವರ್ಷದ ಕೆಲಸವೆಂದುಕೊಂಡಿದ್ದ. 1976ರಲ್ಲಿ ಅಲ್ಲೇ ಅಪಘಾತದಲ್ಲಿ ತೀರಿಕೊಂಡ. ದೊಡ್ಡ ಮನಸ್ಸಿನವನು. ಕಲ್ಲಿನವರ ಉಪಕರಣಗಳನ್ನು ಕೂಡಿಸಿ ಒಂದು ವಸ್ತುಸಂಗ್ರಹಾಲಯವನ್ನೂ ಮಾಡಿಟ್ಟ.

ಅಪ್ಪ ಎಲ್ಲ ಸುತ್ತಿ ಬಂದು ಕೇಳಿದ್ದು ಒಂದೇ: “ಇವನೇನೋ ಚೆನ್ನಾಗಿ ಕಟ್ಟಿದ. ಒಡೆದವರಿಗೆ ಏನು ಉಳೀತಂತೆ?”

ಹೆಸರಿನ ಪ್ರಶ್ನೆ ಎಂದೇ ಮೊದಲು ಅಂದುಕೊಂಡೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಮಲ್ಲಿತಮ್ಮನ ಹೆಸರು ಹಲವು ಹೊಯ್ಸಳ ಗುಡಿಗಳಲ್ಲಿದೆ. ಅದಕ್ಕಾಗಿ ಹೆಮ್ಮೆ ಪಡುತ್ತೇವೆ. ಬಳಪದ ಕಲ್ಲನ್ನು ನೆಲದಿಂದ ಎಬ್ಬಿಸಿ ಗಾಡಿಗೇರಿಸಿದವರು ಯಾರೆಂದು ಕೇಳುವುದಿಲ್ಲ. ಆದರೆ ಹೆಸರು ಬರೆದಿದ್ದರೆ ಅಪ್ಪನ ಪ್ರಶ್ನೆಗೆ ಉತ್ತರ ಸಿಗುತ್ತಿತ್ತೇ? ಅವರು ಕೇಳಿದ್ದು ಲೆಕ್ಕ. ಲೆಕ್ಕ ನನ್ನ ಕಸುಬು.

ಅಮೆರಿಕದ ತೆರಿಗೆ ಕಾನೂನಿನಲ್ಲಿ ಕಲ್ಲುಗಣಿಗೆ ಒಂದು ರಿಯಾಯಿತಿ ಇದೆ. ತೆಗೆದ ಕಲ್ಲು ಮತ್ತೆ ಬೆಳೆಯುವುದಿಲ್ಲ, ಆಸ್ತಿ ಕರಗುತ್ತಿದೆ. ಹಾಗಾಗಿ ಒಟ್ಟು ಆದಾಯದಲ್ಲಿ ಒಂದು ಪಾಲನ್ನು ಕಳೆದುಕೊಳ್ಳಬಹುದು. ಕತ್ತರಿಸಿದ ದಿಮ್ಮಿ, ಚಪ್ಪಡಿಗೆ ಶೇ. 14, ಅದೇ ಬಂಡೆಯನ್ನು ಪುಡಿಮಾಡಿ ಜಲ್ಲಿಯಾಗಿ ಮಾರಿದರೆ ಶೇ. 5. ಹಾಕಿದ ಬಂಡವಾಳವೆಲ್ಲ ವಾಪಸು ಬಂದ ಮೇಲೂ ಇದು ನಿಲ್ಲುವುದಿಲ್ಲ. ಕಲ್ಲು ಕೊಯ್ಯುವ ಯಂತ್ರಕ್ಕೆ ಬೇರೆ ಸವಕಳಿ. ಬೆಟ್ಟ ಸವೆಯುತ್ತದೆ, ಯಂತ್ರ ಸವೆಯುತ್ತದೆ ಎಂದು ಸರ್ಕಾರ ಒಪ್ಪಿದೆ. ಮೈ ಸವೆಯುತ್ತದೆ ಎನ್ನುವುದಕ್ಕೆ ಮಾತ್ರ ಕಾಲಂ ಇಲ್ಲ.

ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡುವಾಗ ಕನಕಪುರ ಕಡೆಯ ಒಂದು ಗ್ರಾನೈಟ್ ಕ್ವಾರಿಯ ಆಡಿಟ್‌ಗೆ ಹೋಗುತ್ತಿದ್ದೆ. ಬಟವಾಡೆ ಪಟ್ಟಿಯಲ್ಲಿ ಹೆಬ್ಬೆಟ್ಟಿನ ಗುರುತುಗಳನ್ನು ನೋಡಿ ಟಿಕ್ ಹಾಕುವುದು ಕೆಲಸ. ಹೊಸ ಹುಡುಗರ ಗುರುತಿನಲ್ಲಿ ಗೆರೆಗಳು ಕಾಣುತ್ತಿದ್ದವು. ಹಳಬರದ್ದು ಬರೀ ನೀಲಿ ಮಚ್ಚೆ. ಕಲ್ಲು ಉಜ್ಜಿ ಉಜ್ಜಿ ಬೆರಳಿನ ಗೆರೆಯೇ ಹೋಗಿತ್ತು. ಒಂದು ಮಚ್ಚೆಗೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ಅವರ ಕೆಮ್ಮು ಶೆಡ್ಡಿನೊಳಗೆ ಕೂತ ನಮಗೆ ಕೇಳಿಸುತ್ತಿತ್ತು. ಕಲ್ಲಿನ ಸಣ್ಣ ಧೂಳು ಪುಪ್ಪಸದಲ್ಲಿ ಕೂತರೆ ಬರುವ ಸಿಲಿಕೋಸಿಸ್‌ಗೆ ಗುಣವಾಗುವ ಮದ್ದಿಲ್ಲ ಎಂದು ತಿಳಿದದ್ದು ಆಮೇಲೆ.

ಸಹೋದ್ಯೋಗಿಯೊಬ್ಬ ಹೇಳಿದ: ಕೂಲಿ ಅಂದರೆ ಅದೇ ತಾನೆ, ಮೈ ಸವೆಸಿದ್ದಕ್ಕೆ ಬೆಲೆ? ಹಾಗಾದರೆ ಕ್ರೇನ್ ಬಾಡಿಗೆಗೆ ಕೊಡುವವನನ್ನು ನೋಡಿ. ಅವನಿಗೆ ಬಾಡಿಗೆ ಬರುತ್ತದೆ. ಬಂದದ್ದೆಲ್ಲ ಲಾಭವಲ್ಲ, ಅದರಲ್ಲಿ ಕ್ರೇನಿನದೇ ಒಂದು ಚೂರು ಸೇರಿದೆ ಎಂದು ನಾವೇ ಲೆಕ್ಕ ಬರೆಯುತ್ತೇವೆ. ತನ್ನ ತೋಳನ್ನು ಬಾಡಿಗೆಗೆ ಕೊಟ್ಟವನ ವಿಷಯದಲ್ಲಿ ಬಂದದ್ದೆಲ್ಲ ಆದಾಯ. ಬಸವ ಜಯಂತಿಗೆ ಇಲ್ಲಿ ಕಾಯಕದ ಮೇಲೆ ಭಾಷಣ ಮಾಡುತ್ತೇವೆ, ನಾನೂ ಮಾಡಿದ್ದೇನೆ. ಆ ಮಾತಿನೊಳಗೇ ಕಾಯ ಇದೆ, ಕಾಯ ಖರ್ಚಾಗುತ್ತದೆ.

ಕಲ್ಲೊಡೆಯುವವನಿಗೆ ತೆರಿಗೆಯೇ ಬರುವುದಿಲ್ಲ, ರಿಯಾಯಿತಿ ಕೊಟ್ಟೇನು ಫಲ ಎನ್ನಬಹುದು. ನಿಜ. ಅವನಿಗೆ ಬೇಕಾದದ್ದು ಬೇರೆ ದಾರಿಯಲ್ಲಿ ಬರಬೇಕು. ನಮ್ಮಲ್ಲಿ ಕಲ್ಲಿಗೆ ಸರ್ಕಾರ ವಸೂಲಿ ಮಾಡುವ ರಾಯಲ್ಟಿಗೆ ಕಾಗದಪತ್ರದಲ್ಲಿ ರಾಜಧನ ಎನ್ನುತ್ತಾರೆ. ರಾಜ ಹೋದರೂ ಧನ ಉಳಿದಿದೆ. 2015ರ ತಿದ್ದುಪಡಿಯಿಂದ ಗಣಿ ಬಾಧಿತರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳೂ ಬಂದಿವೆ. ಆ ಹಣದಲ್ಲಿ ರಸ್ತೆ, ಕಟ್ಟಡಗಳಾಗುವುದಕ್ಕೆ ನನ್ನ ತಕರಾರಿಲ್ಲ. ಆದರೆ ಮೊದಲ ಹಕ್ಕು, ನನ್ನ ಲೆಕ್ಕದಲ್ಲಿ, ಐವತ್ತಕ್ಕೇ ಉಸಿರು ಕಟ್ಟಿ ಕೂತವನದು. ದಯೆಯೆಂದು ಕೊಡುವುದು ಬೇಡ. ಬಂಡೆಯ ಬೆಲೆಯಲ್ಲಿ ಅವನ ಚೂರೂ ಸೇರಿತ್ತು, ಅದು ವಾಪಸು ಹೋಗಬೇಕು. ನ್ಯೂಜೆರ್ಸಿಯ ನಮ್ಮ ಅಡುಗೆಮನೆಗಳ ಕಟ್ಟೆಗೆ ಬರುವ ಗ್ರಾನೈಟಿನ ದರದಲ್ಲಿ ಅದಕ್ಕಾಗಿ ಒಂದಿಷ್ಟು ಏರಿದರೆ ಏರಲಿ.

ಇದನ್ನು ಹೇಳಿದಾಗ ಸಹೋದ್ಯೋಗಿ ನಕ್ಕ. ಯಾರ ಮೈ ಎಷ್ಟು ಸವೆದಿದೆ ಎಂದು ಅಳೆಯುವವರು ಯಾರು ಮಾರಾಯಾ ಎಂದ. ಬೆಟ್ಟವನ್ನು ಮಾತ್ರ ಯಾರು ಅಳೆದಿದ್ದಾರೆ? ಎಷ್ಟು ಕಲ್ಲು ಹೋಯಿತು, ಎಷ್ಟು ಉಳಿದಿದೆ ಎಂದು ಆ ರಿಯಾಯಿತಿ ಕೇಳುವುದೇ ಇಲ್ಲ. ಒಂದು ಅಂದಾಜು ಹಿಡಿದು ಶೇ. 14 ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತೇವೆ.